ಎಡಗೋಡೆಗೆ ಒರಗಿದ ಇನ್ನೂರು

ನಮ್ಮ ಬೀದಿಯ ಹೆಂಗಸರ ಉಳಿತಾಯ ಸಂಘಕ್ಕೆ ಲೆಕ್ಕ ಬರೆಯುವವಳು ನಾನು. ಹದಿನೈದು ಜನ, ತಿಂಗಳಿಗೆ ತಲಾ 200 ರೂಪಾಯಿ. ಎಷ್ಟೋ ವರ್ಷ ಉದ್ದನೆಯ ಲೆಕ್ಕದ ಪುಸ್ತಕ ಮತ್ತು ಕೆಂಪು ಪೆನ್ನಿನಲ್ಲೇ ಎಲ್ಲ ನಡೆಯಿತು. ಕಣ್ಣು ಮಂಜಾಗಿ 6 ಯಾವುದು, 8 ಯಾವುದು ಎಂದು ತಿಳಿಯದಾದಾಗ ಏಳನೇ ತರಗತಿಯ ಮೊಮ್ಮಗಳು, “ಅಜ್ಜಿ, ಲ್ಯಾಪ್‌ಟಾಪಿನಲ್ಲಿ ಬರಿ. ಅಂಕಿಗಳನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು” ಎಂದಳು.

ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವಿತ್ತು. ಅದರಲ್ಲಿ ಲೆಕ್ಕಕ್ಕೆ ಇರುವುದು ‘ಕ್ಯಾಲ್ಕ್’. ತೆರೆದರೆ ಪರದೆಯ ತುಂಬ ಚೌಕಾಬಾರದಂತೆ ಮನೆಗಳು! ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಹೆಸರು; ಅಡ್ಡಸಾಲುಗಳಿಗೆ 1, 2, 3. ಬಿ ಕಂಬದ ಐದನೇ ಸಾಲಿನ ಮನೆ ‘ಬಿ5’. ಅಂಚೆಯವನಿಗೆ ಬೀದಿ ಮತ್ತು ಮನೆ ನಂಬರು ಹೇಳಿದ ಹಾಗೆ.

ಮೊದಲ ವಾರವೆಲ್ಲ ಮೌಸಿನೊಂದಿಗೆ ಗುದ್ದಾಟ. ಬರೆದದ್ದು ಅಳಿಸಿ ಹೋದಾಗ ಎದೆ ಧಸಕ್ಕೆಂದಿತು. “ಕಂಟ್ರೋಲ್ ಹಿಡಿದು ಝಡ್ ಒತ್ತು, ವಾಪಸ್ ಬರುತ್ತೆ” ಎಂದಳು. ಬಂತು!

ಆಮೇಲೆ ಕೂಡುವುದನ್ನು ಕಲಿಸಿದಳು. ಮೊದಲು ಸಮ ಚಿಹ್ನೆ, ನಂತರ ‘ಸಮ್’, ಆವರಣದಲ್ಲಿ ಮೊದಲ ಮತ್ತು ಕೊನೆಯ ಮನೆ: =ಸಮ್(ಬಿ5:ಎಂ5). ಹನ್ನೆರಡು ತಿಂಗಳ ಮೊತ್ತ ತಟ್ಟನೆ ಸಿದ್ಧ. ಒಂದು ಅಂಕಿ ತಿದ್ದಿದರೆ ಮೊತ್ತವೂ ತಾನೇ ತಿದ್ದಿಕೊಳ್ಳುತ್ತದೆ. ಇಂಥದ್ದನ್ನು ಮೊದಲು ಕನಸು ಕಂಡವರಲ್ಲಿ ಅಮೆರಿಕದ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಒಬ್ಬರು. ಕಪ್ಪುಹಲಗೆಯಲ್ಲಿ ಒಂದು ಅಂಕಿ ತಪ್ಪಾದರೆ ಮುಂದಿನದನ್ನೆಲ್ಲ ಅಳಿಸಿ ಬರೆಯಬೇಕಾದ ಕಷ್ಟ ನೋಡಿ ಅವರಿಗೆ ಈ ಯೋಚನೆ ಬಂತಂತೆ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರಾಟಕ್ಕೆ ಬಂತು.

ಮಾರ್ಚ್ ಕೊನೆಯ ಸಭೆಗೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಜಂಬದಿಂದ ಓದತೊಡಗಿದೆ. ಎಲ್ಲರದ್ದೂ 2,400. ಹೂ ಮಾರುವವಳದ್ದು ಮಾತ್ರ 2,200.

“ಒಂದು ತಿಂಗಳು ಬಾಕಿ ಇದೆಯಲ್ಲಮ್ಮ?” ಎಂದೆ.

“ಇಲ್ಲಕ್ಕಾ, ಯಾವ ತಿಂಗಳೂ ತಪ್ಪಿಸಿಲ್ಲ.”

“ಕಂಪ್ಯೂಟರು ಸುಳ್ಳು ಹೇಳುತ್ತಾ?” ಎಂದು ಯಾರೋ ನಕ್ಕರು. ಅವಳು ಮುಖ ಕೆಳಗೆ ಹಾಕಿ, ಇನ್ನೊಮ್ಮೆ ಕೊಡಲು ಸೊಂಟದ ಚೀಲಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಮೊಮ್ಮಗಳು ಪರದೆಯ ಹತ್ತಿರ ಬಗ್ಗಿದಳು. “ಅಜ್ಜಿ, ಎಫ್5 ನೋಡು. ಉಳಿದ ಇನ್ನೂರುಗಳೆಲ್ಲ ಬಲಗೋಡೆಗೆ ಒರಗಿವೆ. ಇದೊಂದೇ ಎಡಗೋಡೆಗೆ.”

ಆಗಸ್ಟ್ ತಿಂಗಳ ಮನೆಯಲ್ಲಿ ನಾನು ಹಳೆಯ ಅಭ್ಯಾಸದಿಂದ ‘200 ರೂ.’ ಎಂದು ಬರೆದಿದ್ದೆ. ಅಕ್ಷರ ಸೇರಿದ್ದರಿಂದ ಅದು ಯಂತ್ರಕ್ಕೆ ಸಂಖ್ಯೆಯಲ್ಲ, ಬರೀ ಮಾತು. ಮಾತನ್ನು ಅದು ಕೂಡುವುದಿಲ್ಲ. ಬಿಟ್ಟು ಮುಂದೆ ಹೋಗುತ್ತದೆ. ‘ರೂ.’ ಅಳಿಸಿ ಎಂಟರ್ ಒತ್ತಿದೆ. 2,400!

ಒಳಗಿನಿಂದ ಹಳೆಯ ಪುಸ್ತಕ ತರಿಸಿದೆ. ಆಗಸ್ಟ್‌ನಲ್ಲಿ ಅವಳ ಹೆಬ್ಬೆಟ್ಟಿನ ಗುರುತು ನೀಲಿಯಾಗಿ ಕೂತಿತ್ತು.

ಎಲ್ಲರ ಮುಂದೆ ಕೇಳಿದ್ದನ್ನು ಎಲ್ಲರ ಮುಂದೆಯೇ ಹಿಂದೆ ತೆಗೆದುಕೊಳ್ಳಬೇಕಲ್ಲ. “ತಪ್ಪು ನನ್ನದಮ್ಮ, ನಿನ್ನದಲ್ಲ” ಎಂದೆ. “ಬಿಡಿ ಅಕ್ಕಾ” ಎಂದು ಮಲ್ಲಿಗೆಯ ತುಂಡೊಂದನ್ನು ಮೊಮ್ಮಗಳ ಜಡೆಗೆ ಮುಡಿಸಿದಳು.

ಈಗಲೂ ಲ್ಯಾಪ್‌ಟಾಪಿನಲ್ಲೇ ಬರೆಯುತ್ತೇನೆ. ಆದರೆ ಸಭೆಗೆ ಮುಂಚೆ ಪುಸ್ತಕಕ್ಕೂ ಪರದೆಗೂ ತಾಳೆ ನೋಡುತ್ತೇನೆ. ಯಂತ್ರ ನಾವು ಬರೆದದ್ದನ್ನು ಕೂಡುತ್ತದೆ; ಸರಿಯಾಗಿ ಬರೆದೆವೋ ಎಂದು ನೋಡುವುದು ನಮ್ಮ ಕೆಲಸ.

ಮಕ್ಕಳೇ, ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಗೂ ಕಲಿಸಿ. ಒಂದೇ ಮಾತು: ಎಷ್ಟೇ ತಡವಾದರೂ ಮೌಸ್ ಅವರ ಕೈಯಲ್ಲೇ ಇರಲಿ.