ಬಲ್ಮಠದ ಸೆಮಿನರಿಯೂ ಶ್ರೀರಾಂಪುರದ ವಿದ್ಯಾಪೀಠವೂ

ಮಂಗಳೂರಿನ ಬಲ್ಮಠದಲ್ಲಿರುವ ಕ್ರೈಸ್ತ ದೈವಶಾಸ್ತ್ರದ ಸೆಮಿನರಿಯನ್ನು ಬ್ಯಾಪ್ಟಿಸ್ಟ್ ಪಂಥದವರು ಸ್ಥಾಪಿಸಿದರೆಂದು ತಿಳಿಯುವುದು ಯುಕ್ತವಲ್ಲ. ಬ್ಯಾಪ್ಟಿಸ್ಟರ ವಿದ್ಯಾಪೀಠವು ಡೇನರ ಆಳ್ವಿಕೆಗೆ ಒಳಪಟ್ಟಿದ್ದ ಬಂಗಾಳದ ಶ್ರೀರಾಂಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರಿಂದ 1818ರಲ್ಲಿ ಸ್ಥಾಪಿತವಾದುದು. ಬಲ್ಮಠದ ಸೆಮಿನರಿಯಾದರೋ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿಗೆ ಸೇರಿದುದು; ಅದನ್ನು 1847ರಲ್ಲಿ ಹರ್ಮನ್ ಮೋಗ್ಲಿಂಗರು ಆರಂಭಿಸಿದರು. ಆಗ ಭಟ್ಕಳ, ಹೊನ್ನಾವರ, ಕುಮಟೆಗಳೂ ಮಂಗಳೂರೂ ಮದರಾಸು ಪ್ರಾಂತದ ಒಂದೇ ಕೆನರಾ ಜಿಲ್ಲೆಯಲ್ಲಿದ್ದುವು. ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಹೋದುದು 1862ರಲ್ಲಿ. ಹೊನ್ನಾವರದಲ್ಲಿ 1845ರಲ್ಲಿಯೇ ಬಾಸೆಲ್ ಮಿಶನ್ನಿನ ಕೇಂದ್ರವು ತೆರೆಯಲ್ಪಟ್ಟಿತ್ತು.

ಮೂಲವು ಬೇರೆಯಾದರೂ ಕನ್ನಡದ ವ್ಯಾಸಂಗವು ಎರಡು ಪಂಥಗಳಿಗೂ ಸಮಾನವಾಗಿತ್ತು. ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿಯೇ ಶ್ರೀರಾಂಪುರದಲ್ಲಿ ಅಚ್ಚಾಯಿತು. ಬೋಧಕನಾದವನು ಜನರ ನುಡಿಯಲ್ಲಿಯೇ ಬೋಧಿಸಬೇಕು. ಆ ನುಡಿಯ ಮರ್ಮವನ್ನು ಅರಿಯಬೇಕಾದರೆ ಅದರ ಕಾವ್ಯ ವ್ಯಾಕರಣಗಳನ್ನು ಓದಬೇಕು. ಈ ಅವಶ್ಯಕತೆಯಿಂದಲೇ ಮೋಗ್ಲಿಂಗರು ಹಳೆಯ ಕನ್ನಡ ಗ್ರಂಥಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದರು. 1853ರಲ್ಲಿ ಬಂದ ಕಿಟ್ಟೆಲರ ವ್ಯಾಸಂಗವು 1894ರ ನಿಘಂಟಿನಲ್ಲಿ ಫಲಿಸಿತು. ಕಾಲಾಂತರದಲ್ಲಿ ಬಲ್ಮಠದ ಸೆಮಿನರಿಯು ಕರ್ನಾಟಕ ಥಿಯೊಲಾಜಿಕಲ್ ಕಾಲೇಜೆಂದು ಹೆಸರಾಗಿ, ಶ್ರೀರಾಂಪುರದ ಪದವಿಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಪಡಿಸತೊಡಗಿತು. ಎರಡು ಸಂಸ್ಥೆಗಳ ನಿಜವಾದ ಸಂಬಂಧವಿದು: ಸ್ಥಾಪನೆಯಿಂದ ಬಂದುದಲ್ಲ, ವಿದ್ಯಾಕ್ರಮದಿಂದ ಬಂದುದು.