ಹಳ್ಳ ತನ್ನ ಜಾಗ ಮರೆಯೋದಿಲ್ಲ



ಬೇಸಿಗೆಯಲ್ಲಿ ನಮ್ಮ ಹಳ್ಳ ನೋಡಿದ್ದೀರಲ್ಲ? ನೀರಿಲ್ಲ. ಬರೀ ಮರಳು, ಕಲ್ಲು, ಜಾಲಿ ಗಿಡ. ಮಕ್ಕಳು ಅಲ್ಲೇ ಆಡುತ್ತಾರೆ. ಕುರಿಗಳು ಅಲ್ಲೇ ಮೇಯುತ್ತವೆ. ಹೊಲಕ್ಕೆ ಹೋಗುವ ದಾರಿಯೂ ಅದರೊಳಗೇ.

ಅದೇ ಹಳ್ಳ ಮಳೆಗಾಲದ ಒಂದು ಸಂಜೆ ತುಂಬಿ ಬರುತ್ತದೆ. ಬೆಳಿಗ್ಗೆ ಕಳೆ ತೆಗೆಯಲು ಹೋದವರು ಆಚೆ ದಂಡೆಯಲ್ಲಿ ನಿಂತಿದ್ದಾರೆ. ಮನೆಯಲ್ಲಿ ಕೂಸು ಅಳುತ್ತಿರುತ್ತದೆ. ಒಲೆ ಹಚ್ಚಬೇಕು. "ಮೊಣಕಾಲ ತನಕ ಅದ, ದಾಟಿ ಬಿಡೋಣ" ಅನ್ನಿಸುತ್ತದೆ. ದಾಟಬೇಕೋ? ನಿಲ್ಲಬೇಕೋ?

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಂಗಿ ಇನ್ನೊಂದು ಪ್ರಶ್ನೆ ಕೇಳಿದಳು. "ಹಳ್ಳದ ಬಾಜೂಕ ಒಂದು ಜಾಗ ಅಗ್ಗಕ್ಕ ಸಿಗ್ತದ. ಸಂಘದಾಗ ಸಾಲ ತಗೊಂಡು ಮನಿ ಕಟ್ಟಬೇಕಂತ ಮಾಡೀನಿ. ಇಪ್ಪತ್ತು ವರ್ಷದಿಂದ ಅಲ್ಲಿಗಿ ನೀರು ಬಂದಿಲ್ಲ. ಕಟ್ಟಲೇನು?"

ಎರಡೂ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ನೀರಿನ ನಡೆ ತಿಳಿಯಬೇಕು.

ನೀರು ಎಷ್ಟು? ಎಲ್ಲಿಂದ?

ಒಂದು ಲೆಕ್ಕ ಮಾಡೋಣ. ಒಂದು ಎಕರೆ ಹೊಲದ ಮೇಲೆ 1 ಸೆಂಟಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಒಂದು ಬೆರಳಿನ ಅಗಲದಷ್ಟೂ ಇಲ್ಲ. ಆದರೆ ಆ ನೀರು ಸುಮಾರು 40,000 ಲೀಟರ್. ಅಂದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಕೊಡ! ಒಂದೇ ದಿನ 10 ಸೆಂಟಿಮೀಟರ್ ಬಿದ್ದರೆ 4 ಲಕ್ಷ ಲೀಟರ್. ಇದು ಒಂದೇ ಎಕರೆಯ ಲೆಕ್ಕ. ಹಳ್ಳಕ್ಕೆ ಸಾವಿರಾರು ಎಕರೆಯ ನೀರು ಬರುತ್ತದೆ.

ನಮ್ಮ ಎರಿ ಮಣ್ಣು ಮೊದಲ ಮಳೆ ಚೆನ್ನಾಗಿ ಕುಡಿಯುತ್ತದೆ. ಬೇಸಿಗೆಯ ಬಿರುಕು ತುಂಬುತ್ತವೆ. ಆಮೇಲೆ ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚುತ್ತವೆ. ಮುಂದೆ ಬಿದ್ದ ಮಳೆ ಒಳಗೆ ಇಳಿಯುವುದು ಕಡಿಮೆ, ಹರಿಯುವುದು ಹೆಚ್ಚು. ಅದಕ್ಕೇ ಜೂನ್ ತಿಂಗಳ ಮಳೆಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಹಳ್ಳ ಬೇಗ ತುಂಬುತ್ತದೆ.

ಇನ್ನೊಂದು ಮಾತು. ನಮ್ಮ ಊರಲ್ಲಿ ಮಳೆ ಇಲ್ಲದಿದ್ದರೂ ಹಳ್ಳ ಬರಬಹುದು. ಮೇಲಿನ ಊರಲ್ಲಿ ಮಳೆಯಾದರೆ ಸಾಕು.

ಬಸವಕಲ್ಯಾಣ, ಹುಮನಾಬಾದ ಭಾಗ ಎತ್ತರದ ನೆಲ. ಇಲ್ಲಿಯ ನೀರು ಎರಡು ದಿಕ್ಕಿಗೆ ಹರಿಯುತ್ತದೆ. ಒಂದಿಷ್ಟು ನೀರು ಕಾರಂಜಾ, ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಇನ್ನೊಂದಿಷ್ಟು ಮುಲ್ಲಾಮಾರಿ, ಕಾಗಿಣಾ, ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ. ಮೇಲೆ ಇದ್ದೇವೆ ಅಂತ ನಮಗೆ ಭಯ ಇಲ್ಲ ಅನ್ನುವಂತಿಲ್ಲ. ಎತ್ತರದ ಊರಿನ ಹಳ್ಳ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಕೆಲವು ಗಂಟೆಯಲ್ಲೇ ಎಲ್ಲ ಮುಗಿಯುತ್ತದೆ. ಎಚ್ಚರ ಆಗಲು ಸಮಯ ಸಿಗುವುದಿಲ್ಲ.

ಕೆಳಗಿನ ಊರುಗಳ ಕಥೆ ಬೇರೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟರು. ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಊರುಗಳು ಮುಳುಗಿದವು. 2025ರ ಸೆಪ್ಟೆಂಬರಿನಲ್ಲೂ ಭೀಮಾ ತುಂಬಿ ಹರಿಯಿತು. ಆಗ ನಮ್ಮ ಬೀದರ ಜಿಲ್ಲೆಯಲ್ಲೂ ಮಳೆಗೆ ಬೆಳೆ ಹಾಳಾಯಿತು. ಹೊಳೆ ದಂಡೆಯವರು ಆಕಾಶ ನೋಡಿದರೆ ಸಾಲದು. ಮೇಲಿನ ಜಲಾಶಯದ ಸುದ್ದಿಯನ್ನೂ ಕೇಳಬೇಕು.

ನೂರು ಬಳೆಯ ಬುಟ್ಟಿ

"ಇಪ್ಪತ್ತು ವರ್ಷದಿಂದ ನೀರು ಬಂದಿಲ್ಲ" ಅಂದಳಲ್ಲ ನಮ್ಮ ತಂಗಿ? ಇನ್ನು ಮುಂದೆ ಬರುವುದಿಲ್ಲವೇ?

ಎಂಜಿನಿಯರುಗಳು "ನೂರು ವರ್ಷದ ನೆರೆ" ಅನ್ನುತ್ತಾರೆ. ಹಾಗಂದರೆ ನೂರು ವರ್ಷಕ್ಕೆ ಒಮ್ಮೆ ಮಾತ್ರ ಬರುವ ನೆರೆ ಅಂತ ಅಲ್ಲ. ಒಂದು ಬುಟ್ಟಿ ತಗೊಳ್ಳಿ. ಅದರಲ್ಲಿ 99 ಹಸಿರು ಬಳೆ, 1 ಕೆಂಪು ಬಳೆ ಹಾಕಿ. ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಂದು ಬಳೆ ತೆಗೆಯಿರಿ. ನೋಡಿ ಮತ್ತೆ ಬುಟ್ಟಿಗೇ ಹಾಕಿ. ಕೆಂಪು ಬಂದರೆ ಆ ವರ್ಷ ದೊಡ್ಡ ನೆರೆ. ಈ ವರ್ಷ ಕೆಂಪು ಬಂದರೂ ಬರುವ ವರ್ಷ ಮತ್ತೆ ಬರಬಹುದು. ಬುಟ್ಟಿಗೆ ನೆನಪು ಇರುವುದಿಲ್ಲ.

ಒಂದು ಮನೆಯಲ್ಲಿ 30 ವರ್ಷ ಬಾಳುತ್ತೇವೆ ಅಂದುಕೊಳ್ಳಿ. ಅಷ್ಟರಲ್ಲಿ ಒಮ್ಮೆಯಾದರೂ ಕೆಂಪು ಬಳೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇದು ಸಣ್ಣ ಮಾತಲ್ಲ.

ರಂಗೋಲಿಯಲ್ಲಿ ಊರಿನ ನಕ್ಷೆ

ನೆರೆ ಎಲ್ಲಿಗೆ ಬರುತ್ತದೆ ಅಂತ ನೆಲವೇ ಹೇಳುತ್ತದೆ. ಹತ್ತು ಜನ ಹೆಣ್ಣುಮಕ್ಕಳು ಸೇರಿ ಹಳ್ಳದ ಗುಂಟ ನಡೆಯೋಣ. ಇವನ್ನು ನೋಡೋಣ:

ಜಾಲಿ ಕೊಂಬೆಗೆ ಒಣ ಕಸ, ಹುಲ್ಲು ಸಿಕ್ಕಿದೆಯೇ? ಅಷ್ಟು ಎತ್ತರಕ್ಕೆ ನೀರು ಬಂದಿತ್ತು.

ಗೋಡೆಯ ಮೇಲೆ ಕೆಸರಿನ ಗೆರೆ ಇದೆಯೇ?

ಹೊಲದಲ್ಲಿ ಹಳ್ಳದ ಮರಳು, ದುಂಡು ಕಲ್ಲು ಇವೆಯೇ?

ಊರಿನ ಮುದುಕಿಯರು ಏನು ಹೇಳುತ್ತಾರೆ? ನೀರು ಯಾವ ಗುಡಿಯ ಮೆಟ್ಟಿಲ ತನಕ ಬಂದಿತ್ತು?

ಆಮೇಲೆ ಅಂಗಳದಲ್ಲಿ ರಂಗೋಲಿಯಿಂದ ಊರು ಬರೆಯೋಣ. ಹಳ್ಳ ಹರಿಯುವ ಜಾಗಕ್ಕೆ ಕುಂಕುಮ. ನೆರೆ ಬಂದಾಗ ನೀರು ಹರಡುವ ಜಾಗಕ್ಕೆ ಅರಿಶಿನ. ನೀರು ಬಾರದ ದಿನ್ನೆಗೆ ಹಸಿರು ಎಲೆ. ಕೆಂಪಿನಲ್ಲಿ ಏನೂ ಕಟ್ಟಬಾರದು. ಹಳದಿಯಲ್ಲಿ ಬೆಳೆ ಬೆಳೆಯಬಹುದು, ಮನೆ ಬೇಡ. ಮನೆ, ಶಾಲೆ, ಅಂಗನವಾಡಿ, ಕಾಳಿನ ಚೀಲ ಹಸಿರಿನಲ್ಲಿ ಇರಲಿ.

ಸರ್ಕಾರದ ಗ್ರಾಮ ನಕ್ಷೆಯಲ್ಲೂ ಹಳ್ಳದ ಗೆರೆ ಇರುತ್ತದೆ. ಪಹಣಿಯಲ್ಲಿ "ಖರಾಬು" ಅಂತ ಬರೆದಿರುತ್ತದೆ. ಹಳ್ಳ, ದಾರಿಯಂಥ ಎಲ್ಲರ ಜಾಗಕ್ಕೆ "ಬ ಖರಾಬು" ಅನ್ನುತ್ತಾರೆ. ಜಾಗ ಕೊಳ್ಳುವ ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಈಗ ನಮಗೆ ಓದಲು ಬರುತ್ತದೆ. ಪಹಣಿಯನ್ನು ನಾವೇ ಓದೋಣ.

ನೀರು ಬಂದಾಗ

ಈಗ ಮೊದಲ ಪ್ರಶ್ನೆ. ಹಳ್ಳ ದಾಟಬೇಕೋ? ಬೇಡವೇ ಬೇಡ. ನಿಂತ ನೀರು ಬೇರೆ, ಓಡುವ ನೀರು ಬೇರೆ. ಓಡುವ ನೀರಿನ ವೇಗ ಎರಡು ಪಟ್ಟು ಆದರೆ ಅದರ ನೂಕುವ ಬಲ ನಾಲ್ಕು ಪಟ್ಟು ಆಗುತ್ತದೆ. ಮೊಣಕಾಲಿನ ನೀರೂ ಗಟ್ಟಿ ಆಳನ್ನು ಬೀಳಿಸುತ್ತದೆ. ಕೆಂಪು ನೀರಿನಲ್ಲಿ ತಗ್ಗು ಕಾಣುವುದಿಲ್ಲ. ಟ್ರ್ಯಾಕ್ಟರ್, ಮೋಟಾರ್ ಸೈಕಲ್ ನಂಬಬೇಡಿ.

ಆಚೆ ದಂಡೆಯಲ್ಲೇ ಎತ್ತರದ ಜಾಗ ನೋಡಿ ನಿಲ್ಲಿ. ಒಂಟಿ ಮರದ ಕೆಳಗೆ ಬೇಡ, ಸಿಡಿಲಿನ ಭಯ. ಮನೆಗೆ ಫೋನ್ ಮಾಡಿ. ಮನೆಯವರು ಆ ದಿನ ಒಲೆ ಹಚ್ಚಲಿ, ಕೂಸು ನೋಡಿಕೊಳ್ಳಲಿ. ಈ ಮಾತು ಮಳೆಗಾಲಕ್ಕೆ ಮೊದಲೇ ಮನೆಯಲ್ಲಿ ಆಗಬೇಕು. ತಡವಾಯಿತು ಅಂತ ಬೈಯುವ ಭಯಕ್ಕೆ ಯಾವ ಹೆಣ್ಣುಮಗಳೂ ನೀರಿಗೆ ಇಳಿಯಬಾರದು.

ಹವಾಮಾನ ಇಲಾಖೆ ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಕೂಡಲೇ ಜಾಗ್ರತೆ ತಗೊಳ್ಳಿ. ಆಧಾರ್, ಪಡಿತರ ಚೀಟಿ, ಪಾಸ್ ಬುಕ್, ಪಹಣಿ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲೆ ಇಡಿ. ದನ ಬಿಚ್ಚಿ ಬಿಡಿ. ಕಷ್ಟ ಬಂದರೆ 112ಕ್ಕೆ ಫೋನ್ ಮಾಡಿ. ನೆರೆ ಇಳಿದ ಮೇಲೆ ನೀರು ಕುದಿಸಿ ಕುಡಿಯಿರಿ. ಮನೆ, ಬೆಳೆ ಹಾಳಾದರೆ ಫೋಟೋ ತೆಗೆದು ಗ್ರಾಮ ಪಂಚಾಯಿತಿಗೆ ತಿಳಿಸಿ.

ಆ ತಂಗಿಯ ಮನೆ

ನಾವು ಏಳೆಂಟು ಜನ ಆ ತಂಗಿಯ ಜೊತೆ ಜಾಗ ನೋಡಲು ಹೋದೆವು. ಜಾಲಿ ಗಿಡದಲ್ಲಿ ನಮ್ಮ ಎದೆ ಎತ್ತರಕ್ಕೆ ಒಣ ಕಸ ಸಿಕ್ಕಿತ್ತು. ಮಣ್ಣು ಕೆದರಿದರೆ ಹಳ್ಳದ ಮರಳು. ಅವಳು ಸುಮ್ಮನೆ ನಿಂತಳು. "ಅಗ್ಗ ಯಾಕಂತ ಈಗ ತಿಳೀತು" ಅಂದಳು.

ಈಗ ಅವಳು ದಿನ್ನೆಯ ಮೇಲೆ ಜಾಗ ಹುಡುಕುತ್ತಿದ್ದಾಳೆ. ಅಲ್ಲಿ ಬೆಲೆ ಹೆಚ್ಚು. ಸಾಲ ತೀರಿಸಲು ಇನ್ನೂ ಎರಡು ವರ್ಷ ಹೆಚ್ಚು ಬೇಕು. ಕಷ್ಟವೇ. ಆದರೆ ರಾತ್ರಿ ಮಳೆ ಬಂದರೆ ಮಕ್ಕಳನ್ನು ಮಲಗಿಸಿ ತಾನೂ ಮಲಗಬಹುದು.

ಹಳ್ಳ ವರ್ಷಗಟ್ಟಲೆ ಸುಮ್ಮನಿರುತ್ತದೆ. ಆದರೆ ತನ್ನ ಜಾಗ ಮರೆಯೋದಿಲ್ಲ. ನಾವೂ ಮರೆಯದಿರೋಣ.

ನಿಮ್ಮ ಊರಿನ ಹಳ್ಳ ಎಲ್ಲಿಯ ತನಕ ಬಂದಿತ್ತು? ಹಿರಿಯರನ್ನು ಕೇಳಿ. ನಿಮ್ಮ ಕೈಯಿಂದಲೇ ಬರೆದಿಡಿ.