ಅವಸರದ ವಾಸನೆ, ತಾಳ್ಮೆಯ ಲೆಕ್ಕ

ದಾವಣಗೆರೆಯ ಹೆಸರು ಕೇಳಿದೊಡನೆ ಹೊರ ಜಿಲ್ಲೆಗಳ ಜನರಿಗೆ ಬೆಣ್ಣೆ ದೋಸೆಯ ನೆನಪಾಗುವುದು ಸಹಜ. ಹೆಪ್ಪು ಹಾಕಿದ ಮೊಸರನ್ನು ಕಡೆದು ತೆಗೆದ ಬೆಣ್ಣೆಗೆ ಅದರದೇ ಆದ ಪರಿಮಳವಿರುತ್ತದೆ. ಆ ಪರಿಮಳಕ್ಕೆ ಬಹುಮಟ್ಟಿಗೆ ಕಾರಣವಾದ ವಸ್ತುವನ್ನು ರಸಾಯನ ವಿಜ್ಞಾನಿಗಳು ಡೈಅಸಿಟೈಲ್ ಎಂದು ಕರೆಯುತ್ತಾರೆ. ಇದೇ ವಸ್ತು ಬಿಯರಿನಲ್ಲಿ ಕಂಡುಬಂದರೆ ಮಾತ್ರ ಅದು ದೋಷವೆನಿಸುತ್ತದೆ. ಒಂದು ಲೀಟರಿನಲ್ಲಿ ಮಿಲಿಗ್ರಾಂನ ಹತ್ತನೆಯ ಒಂದು ಭಾಗದಷ್ಟಿದ್ದರೂ ಪಳಗಿದ ನಾಲಿಗೆ ಅದನ್ನು ಗುರುತಿಸಬಲ್ಲದು. ಒಂದು ಸರಕಿಗೆ ಗಿರಾಕಿಗಳನ್ನು ಕರೆತರುವ ವಾಸನೆಯೇ ಮತ್ತೊಂದು ಸರಕಿನಿಂದ ಅವರನ್ನು ದೂರ ಮಾಡುತ್ತದೆ. ಬಿಯರಿನಲ್ಲಿ ಈ ವಾಸನೆ ಉಳಿದುಕೊಳ್ಳುವುದಕ್ಕೆ ಅನೇಕ ವೇಳೆ ಕಚ್ಚಾ ಮಾಲಿನ ಕೊರತೆ ಕಾರಣವಾಗಿರುವುದಿಲ್ಲ. ಕಾಲದ ಕೊರತೆ ಕಾರಣವಾಗಿರುತ್ತದೆ.

ವಾಣಿಜ್ಯ ಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇಕೆ ಎಂಬ ಪ್ರಶ್ನೆ ವರ್ತಕ ಬಾಂಧವರಲ್ಲಿ ಮೂಡಬಹುದು. ಹುದುಗಿಸಿ ತಯಾರಿಸುವ ಪದಾರ್ಥಗಳ ಪೈಕಿ ಅತ್ಯಂತ ಕೂಲಂಕಷವಾಗಿ ಅಧ್ಯಯನಕ್ಕೊಳಗಾಗಿರುವವುಗಳಲ್ಲಿ ಬಿಯರ್ ಒಂದು. ದೋಸೆ ಹಿಟ್ಟು, ಮಜ್ಜಿಗೆ, ವಿನೆಗರ್, ಶುಂಠಿ ಪಾನೀಯ ಮೊದಲಾದವುಗಳನ್ನು ಪೊಟ್ಟಣಕ್ಕೋ ಬಾಟಲಿಗೋ ತುಂಬಿ ಮಾರುವ ಸಣ್ಣ ಉದ್ದಿಮೆದಾರರು ಈ ಅಧ್ಯಯನದಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಕಾನೂನಿನ ಚೌಕಟ್ಟು

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧವಾಗಿದೆ. ಸ್ವಂತ ಬಳಕೆಗಾಗಿ ಮನೆಯಲ್ಲಿ ತಯಾರಿಸುತ್ತೇನೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1978ರ ಕೇಂದ್ರ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿತು. ಅಲ್ಲಿನ ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು 2013ರಲ್ಲಿ ಕಡೆಯದಾಗಿ ಒಪ್ಪಿಗೆ ನೀಡಿದವು. ಮನೆಯಲ್ಲಿ ಬಿಯರ್ ತಯಾರಿಸುವವರ ಅನುಭವ ಜ್ಞಾನವೆಲ್ಲ ಇಂತಹ ದೇಶಗಳಿಂದ ಬಂದುದಾಗಿದೆ. ನಮ್ಮ ರಾಜ್ಯದಲ್ಲಿ ದೊಡ್ಡ ಕಾರ್ಖಾನೆಗಳೂ, ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿರುವ ಕಿರು ಬಿಯರ್ ಘಟಕಗಳೂ ಪರವಾನಗಿಯ ಅಡಿಯಲ್ಲಿಯೇ ಕೆಲಸ ಮಾಡುತ್ತವೆ. ಆದುದರಿಂದ ಮುಂದಿನ ವಿವರಗಳನ್ನು ತಯಾರಿಕೆಗೆ ಪ್ರಚೋದನೆ ಎಂದು ಭಾವಿಸದೆ, ಹುದುಗುವಿಕೆಯ ಶಿಸ್ತನ್ನು ಅರಿಯುವ ಸಾಧನವೆಂದು ಓದಬೇಕಾಗಿ ವಿನಂತಿ.

ಯೀಸ್ಟ್ ಎಂಬ ಕೆಲಸಗಾರ

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಸಿಹಿ ರಸವನ್ನು ತೆಗೆದು, ಹಾಪ್ಸ್ ಹೂಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸಿದಾಗ ಹುದುಗುವಿಕೆ ಆರಂಭವಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಮೊದಲ ನಾಲ್ಕೈದು ದಿನಗಳಲ್ಲಿ ನೊರೆ ಉಕ್ಕಿ ಇಳಿಯುತ್ತದೆ. ಕಣ್ಣಿಗೆ ಕೆಲಸ ಮುಗಿದಂತೆ ಕಾಣುವುದು ಈ ಹಂತದಲ್ಲಿಯೇ. ವಾಸ್ತವವಾಗಿ ಯೀಸ್ಟ್ ತಾನು ಆತುರದಲ್ಲಿ ಹೊರಹಾಕಿದ ಅನೇಕ ವಸ್ತುಗಳನ್ನು ಮರಳಿ ಹೀರಿಕೊಂಡು ಶುಚಿಗೊಳಿಸುವ ಎರಡನೆಯ ಪಾಳಿ ಆಗ ಪ್ರಾರಂಭವಾಗಿರುತ್ತದೆ. ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಈ ಪಾಳಿಯಲ್ಲಿ ಮದ್ಯಸಾರವಾಗಿ ಬದಲಾಗುತ್ತದೆ. ಬೆಣ್ಣೆಯ ವಾಸನೆಯ ಡೈಅಸಿಟೈಲ್ ಕೂಡ ವಾಸನೆಯಿಲ್ಲದ ವಸ್ತುಗಳಾಗಿ ಮಾರ್ಪಡುತ್ತದೆ.

ಹುದುಗು ನಿಂತಂತೆ ಕಂಡೊಡನೆ ಶೀತಲ ಪೆಟ್ಟಿಗೆಗೆ ಸೇರಿಸಿದರೆ ಯೀಸ್ಟ್ ನಿದ್ರೆಗೆ ಜಾರುತ್ತದೆ, ದೋಷಗಳು ಹಾಗೆಯೇ ಉಳಿಯುತ್ತವೆ. ಅನುಭವಿ ತಯಾರಕರು ಇದಕ್ಕೆ ವಿರುದ್ಧವಾಗಿ, ಹುದುಗುವಿಕೆಯ ಕೊನೆಯಲ್ಲಿ ಉಷ್ಣಾಂಶವನ್ನು ಎರಡು ಮೂರು ಡಿಗ್ರಿ ಹೆಚ್ಚಿಸಿ ಎರಡು ದಿನ ಬಿಡುತ್ತಾರೆ. ಅನಂತರವಷ್ಟೇ ತಣಿಸುತ್ತಾರೆ. ಲಾಗರ್ ಎಂಬ ಬಿಯರಿನ ಹೆಸರು ಬಂದಿರುವುದು ದಾಸ್ತಾನು, ಉಗ್ರಾಣ ಎಂಬ ಅರ್ಥದ ಜರ್ಮನ್ ಪದದಿಂದ ಎಂಬುದನ್ನು ಗೋದಾಮಿನ ಮಹತ್ವ ಬಲ್ಲ ನಮ್ಮ ವರ್ತಕರು ಗಮನಿಸಬೇಕು. ಕಾದಿರಿಸುವುದೇ ಆ ಸರಕಿನ ಹೆಸರಾಗಿ ನಿಂತಿದೆ.

ಕಾಲ ಕಳೆಯಲಾರದ ದೋಷಗಳು

ಎಲ್ಲ ದೋಷಗಳಿಗೂ ತಾಳ್ಮೆಯೇ ಮದ್ದು ಎಂದು ತಿಳಿದರೆ ಅದೂ ತಪ್ಪಾಗುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆಯನ್ನು ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಬಿಯರಿನಲ್ಲಿ ಅದು ಕಾಣಿಸಿಕೊಂಡರೆ, ರಸವನ್ನು ಮುಚ್ಚಳ ತೆರೆದು ಸಾಕಷ್ಟು ಹೊತ್ತು ಭರದಿಂದ ಕುದಿಸಿಲ್ಲವೆಂದೋ, ಕುದಿಸಿದ ಬಳಿಕ ಬೇಗ ತಣಿಸಿಲ್ಲವೆಂದೋ ಅರ್ಥ. ಒದ್ದೆ ರಟ್ಟಿನ ವಾಸನೆ ಬಂದರೆ ತುಂಬುವಾಗ ಗಾಳಿ ಸೇರಿದೆ. ಇದು ದಿನ ಕಳೆದಂತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆಸ್ಪತ್ರೆಯ ಔಷಧಿಯಂತಹ ವಾಸನೆಗೆ ಕ್ಲೋರಿನ್ ಬೆರೆತ ನಲ್ಲಿ ನೀರು ಅಥವಾ ಸರಿಯಾಗಿ ತೊಳೆಯದೆ ಉಳಿದ ಬ್ಲೀಚಿಂಗ್ ದ್ರಾವಣ ಕಾರಣವಾಗಬಹುದು. ಬಿಸಿಲಿಗೆ ಒಡ್ಡಿದ ಬಿಯರಿನಲ್ಲಿ ಹಾಪ್ಸ್ ಅಂಶ ಕೆಟ್ಟು ದುರ್ವಾಸನೆ ಹುಟ್ಟುತ್ತದೆ; ಕಂದು ಬಣ್ಣದ ಬಾಟಲಿ ಬಳಕೆಗೆ ಬಂದಿರುವುದು ಈ ಕಾರಣಕ್ಕಾಗಿಯೇ. ವಿನೆಗರಿನಂತಹ ಹುಳಿ ಬಂದರೆ ಬ್ಯಾಕ್ಟೀರಿಯಾ ಸೇರಿದೆಯೆಂದು ತಿಳಿಯಬೇಕು.

ಅಂದರೆ ತಾಳ್ಮೆಯು ಶುಚಿತ್ವಕ್ಕೆ ಪರ್ಯಾಯವಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಎಂಬ ವಿಜ್ಞಾನಿ, ಬಿಯರಿನ ಕಹಿಗೆ ಹಾಗೂ ಕೆಟ್ಟ ವಾಸನೆಗೆ ಕಾಡು ಯೀಸ್ಟ್ ಬೆರೆತಿರುವುದೇ ಕಾರಣವೆಂದು ತೋರಿಸಿ, 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಕಾರ್ಖಾನೆಯ ಬಳಕೆಗೆ ತಂದನು. ದೋಷದ ಮೂಲ ಎಲ್ಲಿದೆ ಎಂದು ತಿಳಿಯದೆ ಕಾಯುತ್ತ ಕುಳಿತಿದ್ದರೆ ಆ ಸಮಸ್ಯೆ ಎಂದಿಗೂ ಬಗೆಹರಿಯುತ್ತಿರಲಿಲ್ಲ.

ಬಾಟಲಿಯೊಳಗಿನ ಮೂರು ವಾರ

ಗೋಲಿ ಸೋಡಾದಲ್ಲಿ ಅನಿಲವನ್ನು ಸಿಲಿಂಡರಿನಿಂದ ತುಂಬಲಾಗುತ್ತದೆ; ಅದು ಆ ಕ್ಷಣವೇ ಮಾರಾಟಕ್ಕೆ ಸಿದ್ಧ. ಬಾಟಲಿಯಲ್ಲಿಯೇ ಹದಗೊಳ್ಳುವ ಬಿಯರಿನ ವಿಧಾನ ಬೇರೆ. ಹುದುಗಿ ಮುಗಿದ ಬಿಯರಿಗೆ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿ ಬಿರಡೆ ಬಿಗಿಯುತ್ತಾರೆ. ಉಳಿದಿರುವ ಯೀಸ್ಟ್ ಆ ಸಕ್ಕರೆಯಿಂದ ಲೀಟರಿಗೆ ಸುಮಾರು 3 ಗ್ರಾಂ ಅನಿಲವನ್ನು ಉತ್ಪಾದಿಸುತ್ತದೆ. ಅದು ಹೊರಹೋಗಲು ದಾರಿಯಿಲ್ಲದೆ ಬಿಯರಿನಲ್ಲಿಯೇ ಕರಗುತ್ತದೆ. 20ರಿಂದ 24 ಡಿಗ್ರಿ ಉಷ್ಣಾಂಶದಲ್ಲಿ ಇದಕ್ಕೆ ಎರಡರಿಂದ ಮೂರು ವಾರ ಬೇಕು. ಮೊದಲ ವಾರ ತೆರೆದ ಬಾಟಲಿ ಸಪ್ಪೆಯಾಗಿಯೂ ಹಸಿಯಾಗಿಯೂ ಇರುವುದು ಸಾಮಾನ್ಯ. ಅದನ್ನು ಕೆಟ್ಟಿದೆಯೆಂದು ಚೆಲ್ಲುವವರೂ ಉಂಟು, ಹಾಗೆಯೇ ಗಿರಾಕಿಗೆ ಕೊಟ್ಟು ಹೆಸರು ಕೆಡಿಸಿಕೊಳ್ಳುವವರೂ ಉಂಟು.

ಬಾಟಲಿ ತುಂಬುವ ಮುನ್ನ ತೋರುವ ಅವಸರ ಇನ್ನೂ ಅಪಾಯಕಾರಿ. ಹೈಡ್ರೋಮೀಟರಿನಲ್ಲಿ 1.010ಕ್ಕೆ ಇಳಿದು ನಿಲ್ಲಬೇಕಾದ ಬಿಯರನ್ನು 1.014 ಇರುವಾಗಲೇ ತುಂಬಿದರೆ, ಉಳಿದ ಸಕ್ಕರೆಯೊಂದರಿಂದಲೇ ಲೀಟರಿಗೆ ಸುಮಾರು 4 ಗ್ರಾಂ ಅನಿಲ ಹುಟ್ಟುತ್ತದೆ. ಇದು ಲೆಕ್ಕ ಹಾಕಿ ಸೇರಿಸಿದ ಸಕ್ಕರೆಯ ಅನಿಲಕ್ಕಿಂತಲೂ ಹೆಚ್ಚು. ಬಾಟಲಿ ಸಿಡಿದು ಗಾಜು ತೂರುವುದು ಇಂತಹ ಸಂದರ್ಭಗಳಲ್ಲಿಯೇ. ಮೂರು ದಿನ ಸತತವಾಗಿ ಅಳತೆ ಬದಲಾಗದೆ ನಿಂತ ಮೇಲಷ್ಟೇ ತುಂಬಬೇಕೆಂಬ ನಿಯಮ ಈ ಕಾರಣದಿಂದ ಬಂದುದಾಗಿದೆ.

ಹವಾಮಾನವನ್ನೂ ಇಲ್ಲಿ ಮರೆಯುವಂತಿಲ್ಲ. ಸಾಮಾನ್ಯ ಏಲ್ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಉತ್ತಮವಾಗಿ ಕೆಲಸ ಮಾಡುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಒಳಗಿನ ಬಿಸಿಯಲ್ಲಿ ಅದೇ ಯೀಸ್ಟ್ ಮದ್ಯಸಾರದ ಕಟುವಾಸನೆಯನ್ನು ಹುಟ್ಟಿಸುತ್ತದೆ. ಬಿಸಿ ಹೆಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ; ಆದರೆ ಬೇಗ ಮುಗಿದ ಕೆಲಸ ಒಳ್ಳೆಯ ಕೆಲಸವಾಗಿರುವುದಿಲ್ಲ.

ತಾಳ್ಮೆಗೂ ಒಂದು ದರವಿದೆ

ಕಾಯುವುದೆಂದರೆ ಬಂಡವಾಳ ಸಿಕ್ಕಿಬೀಳುವುದು ಎಂಬುದು ವರ್ತಕರ ಸಹಜ ಆಕ್ಷೇಪಣೆ. ಇದನ್ನು ಲೆಕ್ಕದಿಂದಲೇ ಪರಿಶೀಲಿಸೋಣ. ಪರವಾನಗಿಯುಳ್ಳ ಒಂದು ಘಟಕವು ತಲಾ 60 ರೂಪಾಯಿ ಅಸಲಿನ 1000 ಬಾಟಲಿಗಳನ್ನು ಮೂರು ವಾರ ಹಿಡಿದಿಟ್ಟಿತೆಂದು ಭಾವಿಸೋಣ. ತೊಡಗಿಸಿದ ಹಣ 60,000 ರೂ. ವಾರ್ಷಿಕ ಶೇ. 12ರ ಬಡ್ಡಿಯಂತೆ 21 ದಿನಗಳಿಗೆ ತಗಲುವುದು ಸುಮಾರು 414 ರೂ., ಅಂದರೆ ಬಾಟಲಿಗೆ 41 ಪೈಸೆ. ಗೋದಾಮಿನ ಬಾಡಿಗೆಯ ಪಾಲು 300 ರೂ. ಎಂದಿಟ್ಟುಕೊಂಡರೂ ಒಟ್ಟು 714 ರೂ. ಆಗುತ್ತದೆ. ಹನ್ನೆರಡು ಬಾಟಲಿಗಳ ಒಂದೇ ಒಂದು ಪೆಟ್ಟಿಗೆ ದೋಷದಿಂದ ವಾಪಸು ಬಂದರೆ ಅಸಲಿನಲ್ಲಿಯೇ 720 ರೂ. ನಷ್ಟ. ಸಾಗಾಣಿಕೆಯ ವೆಚ್ಚವೂ, ಮರಳಿ ಬಾರದ ಗಿರಾಕಿಯೂ ಈ ಲೆಕ್ಕದಲ್ಲಿ ಸೇರಿಲ್ಲ.

ಯಂತ್ರೋದ್ಯಮದ ಹಿನ್ನೆಲೆಯುಳ್ಳ ಹರಿಹರದವರಿಗೆ ಈ ತತ್ವ ಹೊಸದಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಲೇತ್‌ಗಳಿಂದಾಗಿ ಆ ಊರು ಒಂದು ಕಾಲಕ್ಕೆ ದೇಶದಾದ್ಯಂತ ಹೆಸರಾಗಿತ್ತು. ಎರಕದ ಕಬ್ಬಿಣದ ಹಾಸನ್ನು ಅಚ್ಚಿನಿಂದ ತೆಗೆದೊಡನೆ ಅಂತಿಮವಾಗಿ ಕೆತ್ತದೆ, ಒಳಗಿನ ಬಿಗಿತ ಸಡಿಲಗೊಳ್ಳಲೆಂದು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಡುವ ಪದ್ಧತಿ ಯಂತ್ರೋದ್ಯಮದಲ್ಲಿ ಹಿಂದಿನಿಂದಲೂ ಇದೆ. ಅವಸರದಲ್ಲಿ ಕೆತ್ತಿದ ಹಾಸು ಗಿರಾಕಿಯ ಅಂಗಳ ಸೇರಿದ ಮೇಲೆ ಬಾಗುತ್ತದೆ. ಕಬ್ಬಿಣಕ್ಕೂ ಬಿಯರಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ.

ನಮ್ಮ ಉದ್ದಿಮೆಗಳಿಗೆ ಅನ್ವಯ

ಹುದುಗಿಸಿದ ಶುಂಠಿ ಪಾನೀಯ, ಕೊಂಬುಚಾ ಮೊದಲಾದವುಗಳನ್ನು ಬಾಟಲಿಗೆ ತುಂಬಿ ಮಾರಲು ಮುಂದಾಗುವವರು ಒಂದು ಅಂಕಿಯನ್ನು ನೆನಪಿನಲ್ಲಿಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಬಂಧನೆಗಳ ಪ್ರಕಾರ ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯ ಮದ್ಯವೆನಿಸುತ್ತದೆ. ಲೀಟರಿಗೆ ಕೇವಲ 8 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಈ ಗಡಿ ಮುಟ್ಟುತ್ತದೆ. ಸಿಹಿ ಉಳಿದಿರುವಾಗಲೇ, ಯೀಸ್ಟ್ ಜೀವಂತವಿರುವಾಗಲೇ ಬಿರಡೆ ಬಿಗಿದು ಬೇಸಿಗೆಯ ಅಂಗಡಿಗೆ ಕಳುಹಿಸಿದ ಬಾಟಲಿ ಒಂದು ಕಡೆ ಸಿಡಿಯುವ ಅಪಾಯವನ್ನೂ, ಮತ್ತೊಂದು ಕಡೆ ಕಾನೂನಿನ ತೊಡಕನ್ನೂ ಹೊತ್ತಿರುತ್ತದೆ. ಪಾಶ್ಚರೀಕರಣದಿಂದಲೋ ಸತತ ಶೀತಲೀಕರಣದಿಂದಲೋ ಹುದುಗನ್ನು ತಡೆಯದೆ ಇಂತಹ ಸರಕನ್ನು ಮಾರುಕಟ್ಟೆಗೆ ಬಿಡಬಾರದು.

ಪ್ರತಿಯೊಂದು ತಂಡದ ಸರಕಿಗೂ ಸಂಖ್ಯೆ ಕೊಟ್ಟು, ತಯಾರಿಸಿದ ದಿನ, ತುಂಬಿದ ದಿನ, ಕೋಣೆಯ ಉಷ್ಣಾಂಶ ಇವನ್ನು ಬರೆದಿಡುವುದು ಮೊದಲ ಹೆಜ್ಜೆ. ಪ್ರತಿ ತಂಡದಿಂದ ಒಂದು ಪೆಟ್ಟಿಗೆಯನ್ನು ಮಾರದೆ ಉಳಿಸಿಕೊಂಡು ವಾರಕ್ಕೊಂದರಂತೆ ತೆರೆದು ವಾಸನೆ, ರುಚಿ, ಅನಿಲದ ಪ್ರಮಾಣ ಪರೀಕ್ಷಿಸಿ ದಾಖಲಿಸುವುದು ಎರಡನೆಯದು. ಆರು ತಿಂಗಳಲ್ಲಿ ಈ ಪುಸ್ತಕವೇ ತಯಾರಕನಿಗೆ ಮಾರ್ಗದರ್ಶಿಯಾಗುತ್ತದೆ: ಯಾವ ದೋಷ ಕಾಲದಿಂದ ಕಳೆಯುತ್ತದೆ, ಯಾವುದು ಬೆಳೆಯುತ್ತದೆ, ಎಷ್ಟು ದಿನಕ್ಕೆ ಸರಕು ಹದಕ್ಕೆ ಬರುತ್ತದೆ ಎಂಬುದು ಊಹೆಯಾಗಿ ಉಳಿಯುವುದಿಲ್ಲ.

ಅಸಲಿನ ಪಟ್ಟಿಯಲ್ಲಿ ಕಚ್ಚಾ ಮಾಲು, ಕೂಲಿ, ವಿದ್ಯುತ್, ಬಾಟಲಿ, ಸಾಗಾಣಿಕೆ ಎಂದು ಬರೆಯುವ ನಾವು, ಕಾಲಕ್ಕೂ ಒಂದು ಸಾಲು ಮೀಸಲಿಡಬೇಕು. ಬೆಲೆ ನಿಗದಿ ಮಾಡುವಾಗಲೇ ಆ ಮೂರು ವಾರಗಳ ಖರ್ಚನ್ನು ಸೇರಿಸಿಕೊಂಡ ತಯಾರಕನಿಗೆ ಹಬ್ಬದ ಬೇಡಿಕೆಯ ಒತ್ತಡದಲ್ಲಿ ಹಸಿ ಸರಕನ್ನು ಹೊರಗೆ ಕಳುಹಿಸುವ ಅಗತ್ಯ ಬೀಳುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯ ಮಾತು, ಹುದುಗಿಸಿ ಮಾರುವವನ ಲೆಕ್ಕದ ಪುಸ್ತಕಕ್ಕೂ ಅಷ್ಟೇ ಸತ್ಯ.